ಕೊಟೇಷನ್‌ಗೆ ಸಹಿ ಹಾಕುವ ಮೊದಲು: ವಿಡಿಯೊ ಮತ್ತು ಸೌಂಡ್ ಸಲಕರಣೆಗಳ ಪದಗಳು, ಕೆಲಸದ ದಾರಿಯಲ್ಲೇ

ಕಾಲೇಜಿನ ವಾರ್ಷಿಕೋತ್ಸವಕ್ಕೋ, ಮಗಳ ಆರತಕ್ಷತೆಗೋ, ಸಂಘದ ಬೆಳ್ಳಿಹಬ್ಬಕ್ಕೋ ಸೌಂಡ್ ಮತ್ತು ವಿಡಿಯೊದವರಿಂದ ಒಂದು ಕೊಟೇಷನ್ ತರಿಸಿ ನೋಡಿ. ಸುಮಾರಾಗಿ ಹೀಗಿರುತ್ತದೆ: "ಎಲ್‌ಇಡಿ ವಾಲ್ ಪಿ3.91, 13×8 ಅಡಿ, ಪ್ರೊಸೆಸರ್ ಸಹಿತ. ಕ್ಯಾಮೆರಾ 3, ಎಸ್‌ಡಿಐ, 1080ಪಿ50. ಸ್ವಿಚರ್. ಮಿಕ್ಸರ್ 16 ಚಾನೆಲ್. ಟಾಪ್ 4, ಬೇಸ್ 4, ಮಾನಿಟರ್ 2. ಕಾರ್ಡ್‌ಲೆಸ್ ಮೈಕ್ 4." ಹೆಚ್ಚಿನವರು ನಡುವಿನದ್ದನ್ನೆಲ್ಲ ಹಾರಿಸಿ ಕೊನೆಯ ಸಾಲಿನ ಮೊತ್ತಕ್ಕೆ ಬರುತ್ತಾರೆ, ಅಲ್ಲಿಂದ ಚೌಕಾಸಿ ಶುರು. ಆದರೆ ಕಾರ್ಯಕ್ರಮದ ದಿನ ಎಲ್‌ಇಡಿ ಗೋಡೆ ಕಪ್ಪಾಗುವುದೋ, ಮೈಕ್ ಕೂಗುವುದೋ, ರೆಕಾರ್ಡಿಂಗ್‌ನಲ್ಲಿ ದನಿಯೇ ಇಲ್ಲದಿರುವುದೋ ಆದಾಗ ಕಾರಣ ಸಿಗುವುದು ಆ ಹಾರಿಸಿದ ಸಾಲುಗಳಲ್ಲೇ.

ದಾವಣಗೆರೆ, ಚಿತ್ರದುರ್ಗ ಕಡೆ ಈಗ ಒಳ್ಳೆಯ ಸಲಕರಣೆ ಬಾಡಿಗೆಗೆ ಸಿಗುತ್ತದೆ. ಈ ಕೆಲಸದಲ್ಲಿ ಯಂತ್ರ ಕೆಡುವುದು ಕಡಿಮೆ. ಒಂದು ಯಂತ್ರ ಇನ್ನೊಂದನ್ನು ಸೇರುವ ಜಾಗದಲ್ಲಿ ಹೊಂದಾಣಿಕೆ ತಪ್ಪುವುದೇ ಹೆಚ್ಚು. ಕೊಟೇಷನ್‌ನ ಪ್ರತಿಯೊಂದು ಪದವೂ ಅಂಥ ಒಂದು ಜೋಡಣೆಯ ಷರತ್ತು. ಆದ್ದರಿಂದ ಪದಗಳನ್ನು ಅಕಾರಾದಿಯಲ್ಲಿ ಬಾಯಿಪಾಠ ಮಾಡುವ ಬದಲು, ಚಿತ್ರ ಮತ್ತು ದನಿ ಹೋಗುವ ದಾರಿ ಹಿಡಿದು ಕಲಿಯುವುದು ಲೇಸು. ಕಾರ್ಯಕ್ರಮ ಮಾಡಿಸುವ ಸಮಿತಿಯವರಿಗೂ, ಈ ಕೆಲಸಕ್ಕೆ ಈಗಷ್ಟೇ ಸೇರಿದ ಹುಡುಗರಿಗೂ ಇದೇ ಕ್ರಮ ಸರಿ ಎಂದು ನನ್ನ ಅಭಿಪ್ರಾಯ.

ಮೊದಲು ಒಂದು ಹಾಳೆಯಲ್ಲಿ ಗೆರೆ ಎಳೆಯಿರಿ

ಎಡಗಡೆ ಸೋರ್ಸ್‌ಗಳನ್ನು ಬರೆಯಿರಿ: ಕ್ಯಾಮೆರಾಗಳು, ಲ್ಯಾಪ್‌ಟಾಪ್, ಮೈಕ್‌ಗಳು, ಹಾರ್ಮೋನಿಯಂ ಮುಂದಿನ ಮೈಕ್, ಕೀಬೋರ್ಡ್. ಬಲಗಡೆ ಕೊನೆಗೆ ಜನ ನೋಡುವ, ಕೇಳುವ ವಸ್ತುಗಳು: ಎಲ್‌ಇಡಿ ವಾಲ್, ಸ್ಪೀಕರ್, ರೆಕಾರ್ಡರ್, ಯೂಟ್ಯೂಬ್ ಲೈವ್. ನಡುವೆ ಎರಡೇ ದೊಡ್ಡ ನಿಲ್ದಾಣ. ಚಿತ್ರಗಳಲ್ಲಿ ಒಂದನ್ನು ಆರಿಸಿ ಕಳಿಸುವ ಸ್ವಿಚರ್, ದನಿಗಳನ್ನು ಬೆರೆಸುವ ಮಿಕ್ಸರ್. ಪ್ರತಿ ಗೆರೆಯೂ ಒಂದು ಕೇಬಲ್; ಒಂದು ತುದಿ ಔಟ್‌ಪುಟ್, ಇನ್ನೊಂದು ಇನ್‌ಪುಟ್. ಪ್ರತಿ ಗೆರೆಯ ಮೇಲೆ ಮೂರು ಸಂಗತಿ ಬರೆದುಕೊಳ್ಳಿ: ಯಾವ ಪಿನ್, ಎಷ್ಟು ಮೀಟರ್, ಯಾವ ಫಾರ್ಮ್ಯಾಟ್.

ಸ್ವಿಚರ್‌ನಲ್ಲಿ ಎರಡು ಪದ ಬರುತ್ತವೆ. ಪ್ರೋಗ್ರಾಂ ಎಂದರೆ ಈಗ ಹೊರಗೆ ಹೋಗುತ್ತಿರುವ ಚಿತ್ರ, ಪ್ರಿವ್ಯೂ ಎಂದರೆ ಮುಂದೆ ಕಳಿಸಲು ಸಿದ್ಧವಾಗಿ ಇಟ್ಟದ್ದು. ಕ್ಯಾಮೆರಾದ ಮೇಲೆ ಹೊತ್ತುವ ಕೆಂಪು ದೀಪ ಟ್ಯಾಲಿ. ನಿಮ್ಮ ಚಿತ್ರ ಈಗ ಹೊರಗಿದೆ, ಅಲುಗಾಡಿಸಬೇಡಿ ಎಂದು ಕ್ಯಾಮೆರಾದವನಿಗೆ ಹೇಳುವ ದೀಪ ಅದು.

ಈ ಹಾಳೆಯನ್ನು ಮೊದಲ ಭೇಟಿಯಲ್ಲೇ ಬಾಡಿಗೆಯವರ ಮುಂದಿಡಿ. ಅರ್ಧ ಗಂಟೆಯ ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆ.

1080ಪಿ50 ಎಂಬುದನ್ನು ಬಿಡಿಸುವುದು

ಇದರಲ್ಲಿ ಮೂರು ಮಾತುಗಳು ಸೇರಿವೆ. 1080 ಎಂಬುದು ರೆಸಲ್ಯೂಷನ್, ಅಂದರೆ ಚಿತ್ರದಲ್ಲಿ ಮೇಲಿಂದ ಕೆಳಗೆ ಎಷ್ಟು ಸಾಲು ಚುಕ್ಕಿಗಳಿವೆ ಎಂಬುದು. ಅಗಲಕ್ಕೆ 1920, ಎತ್ತರಕ್ಕೆ 1080, ಒಟ್ಟು ಸುಮಾರು 20.7 ಲಕ್ಷ ಪಿಕ್ಸೆಲ್. ಇದೇ ಫುಲ್ ಎಚ್‌ಡಿ. 720 ಅಂದರೆ 1280×720. ಟಿವಿ ಮತ್ತು ಕ್ಯಾಮೆರಾದವರು 4ಕೆ ಎನ್ನುವುದು 3840×2160, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಸಿನಿಮಾದ 4ಕೆ ಸ್ವಲ್ಪ ಅಗಲ, 4096×2160. ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವೇ ಆಸ್ಪೆಕ್ಟ್ ರೇಷಿಯೊ. ಈಗಿನ ಟಿವಿ ಮತ್ತು ಕ್ಯಾಮೆರಾ 16:9, ಬಹಳಷ್ಟು ಲ್ಯಾಪ್‌ಟಾಪ್ 16:10, ಹಳೆಯ ಪ್ರೊಜೆಕ್ಟರ್ 4:3.

ನಡುವಿನ ಅಕ್ಷರ ಪಿ ಎಂದರೆ ಪ್ರೊಗ್ರೆಸಿವ್: ಪ್ರತಿ ಸಲವೂ ಇಡೀ ಚಿತ್ರ ಒಟ್ಟಿಗೆ. ಅದರ ಬದಲು ಐ ಇದ್ದರೆ ಇಂಟರ್‌ಲೇಸ್ಡ್: ಒಮ್ಮೆ ಬೆಸ ಸಾಲು, ಮರುಕ್ಷಣ ಸಮ ಸಾಲು. ಪ್ರಸಾರದ ಬ್ಯಾಂಡ್‌ವಿಡ್ತ್ ಉಳಿಸಲು ಟಿವಿಯವರು ಕಂಡುಕೊಂಡ ಉಪಾಯ ಇದು. 1080ಐ50ರಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರ, ಅಂದರೆ 25 ಪೂರ್ಣ ಚಿತ್ರ. ಹಳೆಯ ಕ್ಯಾಮೆರಾದಿಂದ ಐ ರೂಪದಲ್ಲಿ ರೆಕಾರ್ಡ್ ಮಾಡಿ ನೇರವಾಗಿ ಯೂಟ್ಯೂಬ್‌ಗೆ ಹಾಕಿದರೆ, ಡೊಳ್ಳು ಕುಣಿತದವರ ಕೈ ಬೀಸಿದಲ್ಲೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಅಡ್ಡಗೆರೆ ಕಾಣುತ್ತದೆ. ಡೀಇಂಟರ್‌ಲೇಸ್ ಮಾಡಿ, ಅಂದರೆ ಅರ್ಧ ಚಿತ್ರಗಳನ್ನು ಪೂರ್ಣ ಚಿತ್ರವಾಗಿಸಿ, ಹಾಕಬೇಕು. ಇನ್ನೂ ಒಳ್ಳೆಯದೆಂದರೆ ಮೊದಲೇ ಪಿ ಕೇಳಿಕೊಳ್ಳುವುದು.

ಕೊನೆಯ 50 ಫ್ರೇಮ್ ರೇಟ್, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ. ನಮ್ಮಲ್ಲಿ 25 ಅಥವಾ 50 ಯಾಕೆ, ಫೋನಿನಲ್ಲಿ ಬರುವ 30, 60 ಯಾಕೆ ಅಲ್ಲ? ನಮ್ಮ ಕರೆಂಟು 50 ಹರ್ಟ್ಸ್. ಛತ್ರದ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಕ್ಯಾಮೆರಾದ ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತು, ಸೆಕೆಂಡಿನ 1/50 ಅಥವಾ 1/100ರಲ್ಲಿದ್ದರೆ ಆ ಮಿಣುಕಿಗೆ ಹೊಂದಿಕೊಂಡು ಚಿತ್ರ ಶಾಂತವಾಗಿರುತ್ತದೆ. 1/60ಕ್ಕೆ ಹೋದರೆ ಚಿತ್ರದ ಮೇಲೆ ಪಟ್ಟೆಗಳು ಹರಿದಾಡುತ್ತವೆ. ಮದುವೆಯ ಲೈವ್ ಮಿಕ್ಸಿಂಗ್‌ನಲ್ಲಿ ಮೂರು ಕ್ಯಾಮೆರಾ 25ರಲ್ಲಿದ್ದು, ಬಾಲ್ಕನಿಯಲ್ಲಿ ನಿಲ್ಲಿಸಿದ ಫೋನ್ ಮಾತ್ರ 30ರಲ್ಲಿದ್ದರೆ ಅದರ ಚಿತ್ರ ಆಗಾಗ ಜಗ್ಗಿದಂತೆ ಕಾಣುತ್ತದೆ. ಆದ್ದರಿಂದ ಎಲ್ಲ ಕ್ಯಾಮೆರಾ, ಸ್ವಿಚರ್, ಲ್ಯಾಪ್‌ಟಾಪ್ ಒಂದೇ ಫಾರ್ಮ್ಯಾಟ್‌ನಲ್ಲಿ ಇರಲಿ. ಯಾವುದು ಎಂದು ಹಾಳೆಯ ತಲೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಕ್ಯಾಮೆರಾದ ಬಗ್ಗೆ ಸಮಿತಿಯವರು ಕೇಳಬೇಕಾದದ್ದು ಇನ್ನೊಂದೇ: ವೈಟ್ ಬ್ಯಾಲೆನ್ಸ್, ಅಂದರೆ ಬೆಳಕು ಎಂಥದ್ದಿದ್ದರೂ ಬಿಳಿ ಬಿಳಿಯಾಗಿಯೇ ಕಾಣಿಸುವ ಹೊಂದಾಣಿಕೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹ್ಯಾಲೊಜೆನ್ ದೀಪದ ಹಳದಿ ಬೆಳಕು ಸುಮಾರು 3200 ಕೆಲ್ವಿನ್, ಹಗಲಿನ ಬೆಳಕು 5600 ಕೆಲ್ವಿನ್. ಕ್ಯಾಮೆರಾಗಳು ಆಟೊದಲ್ಲಿದ್ದರೆ ಪ್ರತಿಯೊಂದೂ ತನ್ನ ಲೆಕ್ಕ ಹಾಕಿಕೊಳ್ಳುತ್ತದೆ. ಕಟ್ ಮಾಡಿದಾಗೆಲ್ಲ ಮದುಮಗಳ ಸೀರೆಯ ಬಣ್ಣ ಬದಲಾಗುವುದು ಇದರಿಂದಲೇ. ಎಲ್ಲದಕ್ಕೂ ಒಂದೇ ಸಂಖ್ಯೆ ಕೈಯಾರೆ ಕೊಡಲಿ.

ಕೇಬಲ್: ಎಚ್‌ಡಿಎಂಐ ಎಲ್ಲಿಯವರೆಗೆ, ಎಸ್‌ಡಿಐ ಎಲ್ಲಿಂದ

ಎಚ್‌ಡಿಎಂಐ ಮನೆಯ ಟಿವಿಗೂ ಇರುವ ಅದೇ ಚಪ್ಪಟೆ ಪಿನ್. ಚಿತ್ರ, ದನಿ ಎರಡನ್ನೂ ಒಂದೇ ಕೇಬಲ್‌ನಲ್ಲಿ ಒಯ್ಯುತ್ತದೆ. ಅದರ ದೌರ್ಬಲ್ಯ ಎರಡು. ಒಂದು, ಲಾಕ್ ಇಲ್ಲ. ಯಾರೋ ಕಾಲು ತಾಗಿಸಿದರೆ ಕಳಚುತ್ತದೆ. ಎರಡು, ಸಾಮಾನ್ಯ ತಾಮ್ರದ ಕೇಬಲ್ 10-15 ಮೀಟರ್ ದಾಟಿದರೆ ನಂಬುವಂತಿಲ್ಲ. ಉದ್ದಕ್ಕೆ ಬೇಕೆಂದರೆ ಆಪ್ಟಿಕಲ್ ಎಚ್‌ಡಿಎಂಐ ಇದೆ. ಅದಕ್ಕೆ ದಿಕ್ಕು ಇರುತ್ತದೆ: ಸೋರ್ಸ್ ಎಂದು ಬರೆದ ತುದಿ ಲ್ಯಾಪ್‌ಟಾಪ್‌ಗೆ, ಡಿಸ್‌ಪ್ಲೇ ಎಂದು ಬರೆದ ತುದಿ ಸ್ಕ್ರೀನ್‌ಗೆ. ತಿರುಗಿಸಿ ಎಳೆದು, ಮೇಲೆ ಕಾರ್ಪೆಟ್ ಹಾಸಿಬಿಟ್ಟರೆ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮೊದಲು ಎಲ್ಲವನ್ನೂ ಕೀಳಬೇಕಾಗುತ್ತದೆ.

ಎಸ್‌ಡಿಐ ಟಿವಿ ಸ್ಟುಡಿಯೊಗಳಿಂದ ಬಂದದ್ದು, 1989ರಿಂದ ಮಾನಕವಾಗಿ ಇದೆ. 75 ಓಮ್‌ನ ಕೋಆಕ್ಸಿಯಲ್ ಕೇಬಲ್, ತುದಿಗೆ ತಿರುಗಿಸಿ ಲಾಕ್ ಮಾಡುವ ಬಿಎನ್‌ಸಿ ಪಿನ್. ಒಳ್ಳೆಯ ಕೇಬಲ್‌ನಲ್ಲಿ ಎಚ್‌ಡಿ ಚಿತ್ರ ಸುಮಾರು 100 ಮೀಟರ್ ಹೋಗುತ್ತದೆ. ಹೈಸ್ಕೂಲ್ ಮೈದಾನದಂಥ ಜಾಗದಲ್ಲಿ ಕ್ಯಾಮೆರಾ ಜನರ ಹಿಂದೆ, ಸ್ವಿಚರ್ ವೇದಿಕೆ ಪಕ್ಕ ಇರುವಾಗ ಇದನ್ನು ಬಿಟ್ಟರೆ ಬೇರೆ ದಾರಿ ಕಡಿಮೆ.

ಎಸ್‌ಡಿಐನಲ್ಲಿ ಮೆಟ್ಟಿಲುಗಳಿವೆ. ಎಚ್‌ಡಿ-ಎಸ್‌ಡಿಐ ಸೆಕೆಂಡಿಗೆ 1.485 ಗಿಗಾಬಿಟ್ ಒಯ್ಯುತ್ತದೆ. 1080ಐ50 ಅಥವಾ 1080ಪಿ25ಕ್ಕೆ ಅಷ್ಟು ಸಾಕು. 1080ಪಿ50ಕ್ಕೆ ಅದರ ಎರಡರಷ್ಟು, 2.97 ಗಿಗಾಬಿಟ್‌ನ 3ಜಿ-ಎಸ್‌ಡಿಐ ಬೇಕು. 4ಕೆಯ 50 ಫ್ರೇಮ್‌ಗೆ 12ಜಿ. ಮೇಲಿನ ಕೊಟೇಷನ್‌ನಲ್ಲಿ 1080ಪಿ50 ಎಂದಿದೆಯಲ್ಲ? ಹಾಗಿದ್ದರೆ ಸ್ವಿಚರ್ 3ಜಿ ತೆಗೆದುಕೊಳ್ಳುತ್ತದೆಯೇ ಎಂದು ಕೇಳಿ. ಕ್ಯಾಮೆರಾ 3ಜಿ, ಸ್ವಿಚರ್ ಹಳೆಯ ಎಚ್‌ಡಿ ಆಗಿದ್ದರೆ ಎರಡೂ ಸರಿಯಿದ್ದೂ ಪರದೆ ಕಪ್ಪು. ಇನ್ನು ಸಿಸಿಟಿವಿಯವರ ತೆಳು ಕೇಬಲ್‌ಗೂ ಬಿಎನ್‌ಸಿ ಪಿನ್ನೇ ಇರುತ್ತದೆ. ಪಿನ್ ಕೂತಿತೆಂದು ಅದನ್ನು ಉದ್ದಕ್ಕೆ ಎಳೆಯಬೇಡಿ, ಚಿತ್ರ ಚುಕ್ಕಿ ಚುಕ್ಕಿಯಾಗಿ ಒಡೆದು ಆಮೇಲೆ ಹೋಗಿಯೇಬಿಡುತ್ತದೆ.

ಎರಡರ ನಡುವೆ ಕನ್ವರ್ಟರ್ ಎಂಬ ಸಣ್ಣ ಡಬ್ಬಿ. ಎಸ್‌ಡಿಐನಿಂದ ಎಚ್‌ಡಿಎಂಐಗೆ ಒಂದು, ಎಚ್‌ಡಿಎಂಐನಿಂದ ಎಸ್‌ಡಿಐಗೆ ಇನ್ನೊಂದು. ನೋಡಲು ಒಂದೇ ಥರ, ಕೆಲಸ ಉಲ್ಟಾ. ಸಾಮಾನ್ಯ ಕನ್ವರ್ಟರ್ ಪಿನ್ ಬದಲಿಸುತ್ತದೆಯೇ ಹೊರತು ರೆಸಲ್ಯೂಷನ್ ಬದಲಿಸುವುದಿಲ್ಲ. ಅದಕ್ಕೆ ಸ್ಕೇಲರ್ ಇರುವುದೇ ಬೇಕು. ಲ್ಯಾಪ್‌ಟಾಪ್‌ನಿಂದ ಎಲ್ಲ ಸ್ಲೈಡ್ ಸರಿಯಾಗಿ ಬಂದು, ದುಡ್ಡು ಕೊಟ್ಟು ನೋಡುವ ಆ್ಯಪ್‌ನ ವಿಡಿಯೊ ಮಾತ್ರ ಕಪ್ಪಾದರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆ. ಕೇಬಲ್ ಬದಲಿಸುತ್ತಾ ಕೂರಬೇಡಿ. ಪ್ರದರ್ಶಿಸಲು ಅನುಮತಿಯಿರುವ ಫೈಲನ್ನೇ ತಂದಿಟ್ಟುಕೊಳ್ಳಿ.

ಎಲ್‌ಇಡಿ ವಾಲ್: "ಅಣ್ಣಾ, 4ಕೆ ವಾಲ್ ಐತೇನ್ರೀ?"

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, "ಐತೆ" ಎಂಬ ಉತ್ತರವೂ ಬರುತ್ತದೆ. ಲೆಕ್ಕ ನೀವೇ ಮಾಡಿ. ಪಿ3.91ರಲ್ಲಿ ಪಿ ಎಂದರೆ ಪಿಕ್ಸೆಲ್ ಪಿಚ್: ಒಂದು ಚುಕ್ಕಿಯ ನಡುವಿನಿಂದ ಪಕ್ಕದ ಚುಕ್ಕಿಯ ನಡುವಿಗೆ 3.91 ಮಿಲಿಮೀಟರ್. ಗೋಡೆ ಕಟ್ಟುವುದು ಕ್ಯಾಬಿನೆಟ್ ಎಂಬ ಚೌಕಗಳಿಂದ. 500 ಮಿಲಿಮೀಟರ್ ಚೌಕದಲ್ಲಿ ಅಗಲಕ್ಕೆ 128, ಎತ್ತರಕ್ಕೆ 128 ಪಿಕ್ಸೆಲ್. 13×8 ಅಡಿ ಎಂದು ಬರೆದದ್ದು ನಿಜದಲ್ಲಿ 4 ಮೀಟರ್ ಅಗಲ, 2.5 ಮೀಟರ್ ಎತ್ತರ, ಅಂದರೆ ಅಡ್ಡಕ್ಕೆ 8, ಮೇಲಕ್ಕೆ 5, ಒಟ್ಟು 40 ಕ್ಯಾಬಿನೆಟ್. ಚುಕ್ಕಿಗಳ ಲೆಕ್ಕದಲ್ಲಿ 1024×640. ಒಟ್ಟು ಸುಮಾರು 6.55 ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿಯ ಮೂರನೇ ಒಂದು ಭಾಗಕ್ಕಿಂತಲೂ ಕೊಂಚ ಕಡಿಮೆ. ಅದಕ್ಕೆ 4ಕೆ ಫೈಲ್ ಕೊಟ್ಟರೂ, ಗೋಡೆಗೆ ಚಿತ್ರ ಹೊಂದಿಸಿ ಕಳಿಸುವ ಪ್ರೊಸೆಸರ್ ಅದನ್ನು ಕುಗ್ಗಿಸಿ 1024×640ಕ್ಕೇ ಇಳಿಸುತ್ತದೆ. 4ಕೆ ತೆಗೆದುಕೊಳ್ಳುವುದು ಪ್ರೊಸೆಸರ್‌ನ ಇನ್‌ಪುಟ್ ಇರಬಹುದು, ಗೋಡೆಯಲ್ಲ. ಹಾಗೆಂದು ಗೋಡೆ ಕಳಪೆ ಅಂತಲ್ಲ. ಎಷ್ಟು ಮಿಲಿಮೀಟರ್ ಪಿಚ್ಚೋ ಸುಮಾರು ಅಷ್ಟು ಮೀಟರ್ ದೂರದಿಂದ ನೋಡಿದರೆ ಚುಕ್ಕಿಗಳು ಕೂಡಿಕೊಂಡು ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಮೊದಲ ಸಾಲು ನಾಲ್ಕು ಮೀಟರ್ ಹಿಂದಿದ್ದರೆ ಪಿ3.91 ಸಾಕು. ಸಣ್ಣ ಹಾಲ್‌ನಲ್ಲಿ ಜನ ಹತ್ತಿರ ಕೂರುವುದಾದರೆ ಪಿ2.5 ಕೇಳಿ.

ಈ ಲೆಕ್ಕದಿಂದ ಇನ್ನೊಂದು ಉಪಯೋಗವಿದೆ. 1024×640 ಎಂದರೆ 16:10. ನಿಮ್ಮ ಕ್ಯಾಮೆರಾ 16:9. ಕ್ಯಾಮೆರಾದ ಚಿತ್ರ ಪೂರ್ತಿ ಅಗಲಕ್ಕೆ ಕೂತರೆ ಎತ್ತರಕ್ಕೆ 576 ಸಾಲು ಸಾಕು, 64 ಸಾಲು ಉಳಿಯುತ್ತದೆ. ಮೇಲೆ 32, ಕೆಳಗೆ 32 ಸಾಲು ಕಪ್ಪು ಬಿಡಬೇಕು, ಇಲ್ಲವೇ ಎಡಬಲದಲ್ಲಿ ಸ್ವಲ್ಪ ಕತ್ತರಿಸಬೇಕು. ಮೂರನೆಯದು, ಚಿತ್ರವನ್ನು ಹಿಗ್ಗಿಸುವುದು. ಅದನ್ನು ದಯವಿಟ್ಟು ಮಾಡಿಸಬೇಡಿ, ಎಲ್ಲರ ಮುಖವೂ ಉದ್ದವಾಗುತ್ತದೆ. ಹಿನ್ನೆಲೆಯ ಡಿಸೈನ್ ಮಾಡುವವರಿಗೆ ಅಡಿ ಲೆಕ್ಕ ಹೇಳದೆ "1024 ಬೈ 640ಕ್ಕೆ ಮಾಡ್ರಿ" ಎಂದು ಹೇಳಿ. ಸಣ್ಣ ಅಕ್ಷರದಲ್ಲಿ ಇಪ್ಪತ್ತು ಹೆಸರು ತುಂಬಿದ ಆಮಂತ್ರಣ ಪತ್ರಿಕೆಯನ್ನೇ ಗೋಡೆಗೆ ಹಾಕಿದರೆ ಓದಲು ಆಗದಿರುವುದು ಯಾಕೆಂದು ಈಗ ತಿಳಿಯುತ್ತದೆ.

ಗೋಡೆಯ ಹಿಂದೆ ಎರಡು ಕಾರ್ಡ್‌ಗಳಿವೆ: ಪ್ರೊಸೆಸರ್ ಒಳಗಿನ ಸೆಂಡಿಂಗ್ ಕಾರ್ಡ್, ಪ್ರತಿ ಕ್ಯಾಬಿನೆಟ್‌ನ ರಿಸೀವಿಂಗ್ ಕಾರ್ಡ್. ನಡುವೆ ಲ್ಯಾನ್ ಕೇಬಲ್. ಒಂದು ಗಿಗಾಬಿಟ್ ಪೋರ್ಟ್ ಸಾಮಾನ್ಯವಾಗಿ ಆರೂವರೆ ಲಕ್ಷ ಪಿಕ್ಸೆಲ್ ಆಸುಪಾಸು ಹೊರುತ್ತದೆ. ನಮ್ಮ ಈ ಗೋಡೆ ಅಂಚಿನಲ್ಲೇ ಇರುವುದರಿಂದ ಎರಡು ಪೋರ್ಟ್‌ಗೆ ಹಂಚುವುದು ಕ್ಷೇಮ. ಇನ್ನೆರಡು ಪದ: ನಿಟ್ಸ್ ಎಂದರೆ ಹೊಳಪು, ಒಳಾಂಗಣಕ್ಕೆ 800-1000 ಸಾಕು, ಹಗಲು ಬಯಲಿಗೆ 5000 ಆಸುಪಾಸು ಬೇಕು. ರಿಫ್ರೆಶ್ ರೇಟ್ ಎಂದರೆ ಗೋಡೆ ಸೆಕೆಂಡಿಗೆ ಎಷ್ಟು ಸಲ ತನ್ನನ್ನು ತಾನು ಬೆಳಗಿಸಿಕೊಳ್ಳುತ್ತದೆ ಎಂಬುದು. ವೇದಿಕೆಯ ಹಿಂದೆಯೇ ಗೋಡೆ ಇದ್ದು ಕ್ಯಾಮೆರಾ ಅದರತ್ತ ನೋಡುತ್ತಿದ್ದರೆ 1920 ಹರ್ಟ್ಸ್‌ಗಿಂತ 3840 ಹರ್ಟ್ಸ್‌ನದನ್ನೇ ಕೇಳಿ, ವಿಡಿಯೊದಲ್ಲಿ ಕಪ್ಪು ಪಟ್ಟೆ ಕಡಿಮೆ ಬರುತ್ತದೆ.

ಪ್ರೊಜೆಕ್ಟರ್ ಆದರೆ ಬೇಗ ಹೇಳಿ ಮುಗಿಸಬಹುದು. ಬೆಳಕಿನ ಅಳತೆ ಲ್ಯೂಮೆನ್; ಡಬ್ಬಿಯ ಮೇಲೆ ದೊಡ್ಡದಾಗಿ ಬರೆದದ್ದನ್ನು ಬಿಟ್ಟು, ಮಾನಕದ ಪ್ರಕಾರ ಅಳೆದ ಆನ್ಸಿ ಲ್ಯೂಮೆನ್ ಎಷ್ಟು ಎಂದು ಕೇಳಿ. ಥ್ರೋ ರೇಷಿಯೊ ಎಂದರೆ ದೂರವನ್ನು ಪರದೆಯ ಅಗಲದಿಂದ ಭಾಗಿಸಿದ್ದು: ರೇಷಿಯೊ 1.5 ಇದ್ದು ಪರದೆ 10 ಅಡಿ ಅಗಲವಿದ್ದರೆ ಪ್ರೊಜೆಕ್ಟರ್ 15 ಅಡಿ ದೂರ ಇರಬೇಕು. ಓರೆಯಾದ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಬಳಸಿದಷ್ಟೂ ಪಿಕ್ಸೆಲ್ ಕಳೆಯುತ್ತವೆ. ಯಂತ್ರವನ್ನೇ ನೇರ ಇಡಿ.

ದನಿ: ಇಲ್ಲಿ ಹೆಚ್ಚು ಹೊತ್ತು ನಿಲ್ಲಿ

ಚಿತ್ರ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ದಾವಣಗೆರೆ. ಹಿಂದಿನ ಸಾಲಿನವನಿಗೂ ಸಂಭಾಷಣೆ ಮುಟ್ಟಬೇಕು ಎಂಬುದನ್ನು ಇಲ್ಲಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಬಜೆಟ್ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಮೈಕಿಗೇ. ಅದು ತಪ್ಪು ಎಂದು ಒತ್ತಿ ಹೇಳುತ್ತೇನೆ. ಗೋಡೆಯ ಒಂದು ಸಾಲು ಕ್ಯಾಬಿನೆಟ್ ಬಿಟ್ಟಾದರೂ ಒಳ್ಳೆಯ ಮೈಕ್, ಒಳ್ಳೆಯ ಆಪರೇಟರ್ ಇಟ್ಟುಕೊಳ್ಳಿ.

ಮೈಕ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಡೈನಾಮಿಕ್ ಗಟ್ಟಿಮುಟ್ಟು, ಬಾಯಿಯ ಹತ್ತಿರ ಹಿಡಿದರೆ ಮಾತ್ರ ಚೆನ್ನ. ಭಾಷಣ, ಹಾಡಿಗೆ ಕೈಯಲ್ಲಿ ಹಿಡಿಯುವುದು ಇದೇ. ಕಂಡೆನ್ಸರ್ ಸೂಕ್ಷ್ಮ, ಪೋಡಿಯಂನ ಬಾಗುವ ತೆಳು ಕತ್ತಿನ ಮೈಕ್, ಕಾಲರ್ ಮೈಕ್, ನಾಟಕಕ್ಕೆ ವೇದಿಕೆಯ ಮೇಲಿಂದ ತೂಗುಬಿಡುವ ಮೈಕ್ ಈ ಜಾತಿ. ಕೇಬಲ್ ಮೂಲಕ ಬರುವ ಕಂಡೆನ್ಸರ್‌ಗೆ ವಿದ್ಯುತ್ ಬೇಕು. ಮಿಕ್ಸರ್ ಅದೇ ಮೈಕ್ ಕೇಬಲ್‌ನಲ್ಲಿ ಕಳಿಸುವ 48 ವೋಲ್ಟ್‌ಗೆ ಫ್ಯಾಂಟಮ್ ಪವರ್ ಎಂದು ಹೆಸರು. ಪೋಡಿಯಂ ಮೈಕ್ ಸತ್ತಂತಿದ್ದರೆ ಮೊದಲು ನೋಡಬೇಕಾದ ಬಟನ್ ಅದು. ಫೇಡರ್ (ದನಿ ಏರಿಸಿ ಇಳಿಸುವ ಜಾರುಪಟ್ಟಿ) ಕೆಳಗಿಟ್ಟು ಒತ್ತಿ, ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಧಡ್ ಎನ್ನುತ್ತದೆ.

ಮೈಕ್ ಕೇಬಲ್‌ನ ಮೂರು ಕಡ್ಡಿಯ ಪಿನ್‌ಗೆ ಎಕ್ಸ್‌ಎಲ್‌ಆರ್ ಎಂದು ಹೆಸರು, ನಮ್ಮ ಸೌಂಡ್‌ನವರ ಬಾಯಲ್ಲಿ ಕ್ಯಾನನ್. 1ನೇ ಕಡ್ಡಿ ಗ್ರೌಂಡ್, 2ನೆಯದರಲ್ಲಿ ದನಿ, 3ನೆಯದರಲ್ಲಿ ಅದೇ ದನಿ ತಲೆಕೆಳಗಾಗಿ. ದಾರಿಯಲ್ಲಿ ಸೇರುವ ಗೊರ್ ಎಂಬ ಗಲಾಟೆ ಎರಡರಲ್ಲೂ ಒಂದೇ ಥರ ಇರುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗಲಾಟೆ ಹೋಗಿ ದನಿ ಉಳಿಯುತ್ತದೆ. ಇದೇ ಬ್ಯಾಲೆನ್ಸ್ಡ್ ಲೈನ್, ಉದ್ದಕ್ಕೆ ಎಳೆದರೂ ಕೆಡದು. ಲ್ಯಾಪ್‌ಟಾಪ್‌ನ ಸಣ್ಣ ಹೆಡ್‌ಫೋನ್ ಪಿನ್, ಕೀಬೋರ್ಡ್‌ನ ಪಿ38 ಪಿನ್‌ನ ಸಾದಾ ವೈರ್ ಅನ್‌ಬ್ಯಾಲೆನ್ಸ್ಡ್. ಐದಾರು ಮೀಟರ್‌ಗೇ ಅದರ ಮಿತಿ. ವೇದಿಕೆಯ ಲ್ಯಾಪ್‌ಟಾಪ್‌ನಿಂದ ಹಾಲ್ ಹಿಂದಿನ ಮಿಕ್ಸರ್‌ಗೆ ದನಿ ಬರಬೇಕಾದರೆ ನಡುವೆ ಡಿಐ ಬಾಕ್ಸ್ ಕೇಳಿ. ಅನ್‌ಬ್ಯಾಲೆನ್ಸ್ಡನ್ನು ಬ್ಯಾಲೆನ್ಸ್ಡ್ ಮಾಡಿಕೊಡುವ ಡಬ್ಬಿ ಅದು. ಟ್ರಾನ್ಸ್‌ಫಾರ್ಮರ್ ಇರುವುದಾದರೆ, ಚಾರ್ಜರ್ ಹಾಕಿದ ಕೂಡಲೇ ಬರುವ 50 ಹರ್ಟ್ಸ್‌ನ ಗುಂಯ್‌ಗುಡುವ ಸದ್ದನ್ನೂ ಕಡಿಯುತ್ತದೆ. ಆ ಸದ್ದಿಗೆ ಗ್ರೌಂಡ್ ಲೂಪ್ ಎಂಬ ಹೆಸರು.

ಲೆವೆಲ್ ಎಂಬ ಪದವೂ ಜೋಡಣೆಯದೇ. ಮೈಕ್ ಲೆವೆಲ್ ಕೆಲವೇ ಮಿಲಿವೋಲ್ಟ್. ವೃತ್ತಿಪರ ಲೈನ್ ಲೆವೆಲ್ +4 ಡಿಬಿಯು, ಅಂದರೆ 1.23 ವೋಲ್ಟ್. ಮನೆಬಳಕೆಯ ಸಲಕರಣೆಯ ಲೈನ್ ಲೆವೆಲ್ −10 ಡಿಬಿವಿ, 0.316 ವೋಲ್ಟ್. ಮಿಕ್ಸರ್‌ನ ಔಟ್‌ಪುಟ್ ಲೈನ್ ಲೆವೆಲ್‌ನಲ್ಲಿದ್ದು, ಕ್ಯಾಮೆರಾದ ಇನ್‌ಪುಟ್ ಮೈಕ್ ಎಂದಿದ್ದರೆ ರೆಕಾರ್ಡಿಂಗ್ ಪೂರ್ತಿ ಹರಿದುಹೋದ ದನಿ. ಎಡಿಟಿಂಗ್‌ನಲ್ಲಿ ಅದನ್ನು ಸರಿಪಡಿಸಲು ಆಗುವುದಿಲ್ಲ. ಕ್ಯಾಮೆರಾದಲ್ಲಿ ಮೈಕ್/ಲೈನ್ ಸ್ವಿಚ್ ಎಲ್ಲಿದೆ ನೋಡಿ, ಲೈನ್‌ಗೆ ಹಾಕಿ. ಡಿಜಿಟಲ್ ಮೀಟರ್‌ನಲ್ಲಿ 0 ಎಂಬುದು ಚಾವಣಿ. ಜೋರು ಮಾತು −12 ಮತ್ತು −6ರ ನಡುವೆ ತಾಗಿ ಇಳಿಯುವಂತಿರಲಿ. ವಿಡಿಯೊ ಜೊತೆಗಿನ ದನಿಗೆ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯುತ್ತದೆ ಎಂಬುದು, 48 ಕಿಲೋಹರ್ಟ್ಸ್ ಎಂದೇ ಇಡಿ.

ಮಿಕ್ಸರ್‌ನಲ್ಲಿ ಗೇನ್ ಮೇಲಿನ ಗುಂಡಿ, ಫೇಡರ್ ಕೆಳಗಿನ ಜಾರುಪಟ್ಟಿ. ಗೇನ್‌ನಿಂದ ಮೈಕಿನ ಸಣ್ಣ ದನಿ ಕೆಲಸಕ್ಕೆ ಬರುವಷ್ಟಾಗುತ್ತದೆ, ಆಮೇಲೆ ಜನರಿಗೆ ಎಷ್ಟು ಕೊಡಬೇಕೆಂಬುದು ಫೇಡರ್. ಗೇನ್ ಒಮ್ಮೆ ಇಟ್ಟ ಮೇಲೆ ಮುಟ್ಟಬಾರದು. ಆಕ್ಸ್ ಎಂದರೆ ಬೇರೆ ಕಡೆಗೆ ಕಳಿಸುವ ಪ್ರತ್ಯೇಕ ಮಿಶ್ರಣ: ಕಲಾವಿದರಿಗೆ ತಮ್ಮ ದನಿ ಕೇಳಿಸಲು ಅವರ ಮುಂದಿಡುವ ಸ್ಪೀಕರ್, ಅಂದರೆ ಮಾನಿಟರ್‌ಗೆ ಒಂದು, ರೆಕಾರ್ಡಿಂಗ್‌ಗೆ ಒಂದು. ಆಕ್ಸ್ ಪ್ರೀ ಫೇಡರ್ ಇದ್ದರೆ ಫೇಡರ್ ಇಳಿಸಿದರೂ ಅಲ್ಲಿ ದನಿ ಇರುತ್ತದೆ, ಪೋಸ್ಟ್ ಫೇಡರ್ ಇದ್ದರೆ ಅದರ ಜೊತೆಗೇ ಇಳಿಯುತ್ತದೆ. ಮಾನಿಟರ್‌ಗೆ ಪ್ರೀ ಸರಿ. ಲೋ ಕಟ್ ಬಟನ್ 80-100 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಸದ್ದನ್ನು ತೆಗೆಯುತ್ತದೆ. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳನ್ನು ನೋಡಿದವರಿಗೆ ಚಿತ್ರದುರ್ಗದ ಗಾಳಿ ಎಂಥದ್ದೆಂದು ಹೇಳಬೇಕಿಲ್ಲ. ಅಲ್ಲಿ ಬಯಲಿನಲ್ಲಿ ಕಾರ್ಯಕ್ರಮವಿದ್ದರೆ ಭಾಷಣದ ಎಲ್ಲ ಮೈಕಿಗೂ ಲೋ ಕಟ್, ಮೇಲೆ ಸ್ಪಂಜಿನ ಟೋಪಿ. ಕ್ಯಾಮೆರಾ ಮೈಕಿಗೆ ತುಪ್ಪಳದ ಹೊದಿಕೆ.

ಮೈಕ್ ಕೂಗುವುದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಸ್ಪೀಕರ್‌ನ ದನಿ ಮತ್ತೆ ಮೈಕಿಗೆ ಹೋಗಿ, ಹೆಚ್ಚಾಗಿ, ಮತ್ತೆ ಸ್ಪೀಕರ್‌ಗೆ ಬಂದು ಸುತ್ತುವ ಚಕ್ರ ಅದು. ಮದ್ದು ಬಹುಪಾಲು ಮಿಕ್ಸರ್‌ನಲ್ಲಿಲ್ಲ, ವೇದಿಕೆಯ ಮೇಲಿದೆ. ಸ್ಪೀಕರ್‌ಗಳು ಮೈಕ್‌ಗಿಂತ ಮುಂದೆ, ಜನರ ಕಡೆ ಇರಲಿ. ಮೈಕ್ ಬಾಯಿಗೆ ಹತ್ತಿರ ಇರಲಿ, ದೂರ ಅರ್ಧವಾದರೆ ಮೈಕಿಗೆ ಬೀಳುವ ದನಿ 6 ಡೆಸಿಬೆಲ್ (ದನಿಯ ಮಟ್ಟದ ಅಳತೆ) ಹೆಚ್ಚುತ್ತದೆ. ಹೆಚ್ಚಿನ ಕೈಮೈಕ್‌ಗಳು ಕಾರ್ಡಿಯಾಯ್ಡ್, ಮುಂದಿನದನ್ನು ಕೇಳಿ ಹಿಂದಿನದನ್ನು ಬಿಡುತ್ತವೆ. ಮಾನಿಟರ್ ಆ ಬೆನ್ನಿನ ಕಡೆ ಇರಬೇಕು. ಹಾಡುವವರು ಜಾಲರಿಯ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಈ ಗುಣವೇ ಹೋಗಿ ಕೂಗು ಶುರುವಾಗುತ್ತದೆ. ಬೇಡದ ಮೈಕ್‌ಗಳನ್ನು ಮ್ಯೂಟ್ ಮಾಡಿ. ಗಣ್ಯರೊಬ್ಬರಿಗೆ ಎರಡು ಮೈಕ್ ಇಡುವ ಪದ್ಧತಿ ಗೌರವಕ್ಕೆ ಸರಿ, ಆದರೆ ಒಂದನ್ನಷ್ಟೇ ತೆರೆಯಿರಿ.

ಸ್ಪೀಕರ್, ವ್ಯಾಟ್, ಓಮ್

"ಹತ್ತು ಸಾವಿರ ವ್ಯಾಟ್ ಸೌಂಡ್" ಎಂಬ ಮಾತಿಗೆ ಮರುಳಾಗಬೇಡಿ. ಆರ್‌ಎಂಎಸ್ ವ್ಯಾಟ್ ಎಷ್ಟು ಎಂದು ಕೇಳಿ, ಯಂತ್ರ ಎಡೆಬಿಡದೆ ಕೊಡಬಲ್ಲದ್ದು ಅದು. ಪೀಕ್, ಪಿಎಂಪಿಒ ಎಂಬ ದೊಡ್ಡ ಸಂಖ್ಯೆಗಳು ಕ್ಷಣಮಾತ್ರದವು. ವ್ಯಾಟ್ ಎರಡು ಪಟ್ಟಾದರೆ ದನಿ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗ 6 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಹಿಂದಿನವರಿಗೆ ಕೇಳಿಸಲೆಂದು ಮುಂದಿನವರ ಕಿವಿ ಹರಿಯುವಂತೆ ಕೊಡುವ ಬದಲು ನಡುವೆ ಇನ್ನೊಂದು ಜೋಡಿ ಟಾಪ್ (ಬೇಸ್ ಡಬ್ಬಿಗಳ ಮೇಲಿಡುವ, ಮಾತು ಮುಟ್ಟಿಸುವ ಸ್ಪೀಕರ್) ಇಡಿ. ದನಿ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆ ಎರಡನೇ ಜೋಡಿ 34 ಮೀಟರ್ ಹಿಂದಿದ್ದರೆ ಅದಕ್ಕೆ ಸುಮಾರು 100 ಮಿಲಿಸೆಕೆಂಡ್ ಡಿಲೇ ಕೊಡಬೇಕು, ಇಲ್ಲದಿದ್ದರೆ ಹಿಂದಿನವರಿಗೆ ಪ್ರತಿ ಮಾತೂ ಎರಡೆರಡು ಸಲ.

ಓಮ್ ಎಂಬುದು ಸ್ಪೀಕರ್ ಒಡ್ಡುವ ತಡೆ. 8 ಓಮ್‌ನ ಎರಡು ಸ್ಪೀಕರ್ ಪ್ಯಾರಲಲ್ ಸೇರಿದರೆ 4, ನಾಲ್ಕು ಸೇರಿದರೆ 2. ಆಂಪ್ಲಿಫೈಯರ್ ಮೇಲೆ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಮೂರನೆಯದನ್ನೇ ಸೇರಿಸಬೇಡಿ, ಬಿಸಿಯಾಗಿ ಕೈಕೊಡುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಂಥಲ್ಲಿ ಬೀದಿಯುದ್ದಕ್ಕೂ ಹಾರ್ನ್ ಕಟ್ಟುವಾಗ ಲೆಕ್ಕ ಬೇರೆ: 100 ವೋಲ್ಟ್ ಲೈನ್, ಪ್ರತಿ ಹಾರ್ನ್‌ಗೂ ಟ್ರಾನ್ಸ್‌ಫಾರ್ಮರ್. ಅಲ್ಲಿ ಓಮ್ ನೋಡದೆ ವ್ಯಾಟ್ ಕೂಡಿಸುತ್ತಾ ಹೋಗಿ. 15 ವ್ಯಾಟ್‌ನ ಹತ್ತು ಹಾರ್ನ್ 150 ವ್ಯಾಟ್. ಆಂಪ್ಲಿಫೈಯರ್ ಅದಕ್ಕಿಂತ ಸ್ವಲ್ಪ ಹೆಚ್ಚಿನದಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಿಶೇಷ ವಿನಾಯಿತಿ ಇದ್ದರೆ ಮಾತು ಬೇರೆ.

ರೆಕಾರ್ಡಿಂಗ್: ಬಿಟ್ ಮತ್ತು ಬೈಟ್

ಕೋಡೆಕ್ ಎಂದರೆ ಚಿತ್ರವನ್ನು ಅಡಕಗೊಳಿಸುವ ವಿಧಾನ, ಬಿಟ್‌ರೇಟ್ ಎಂದರೆ ಸೆಕೆಂಡಿಗೆ ಎಷ್ಟು ಡೇಟಾ ಬರೆಯುತ್ತದೆ ಎಂಬುದು. 8 ಬಿಟ್ ಸೇರಿ 1 ಬೈಟ್. 100 ಮೆಗಾಬಿಟ್ ಬಿಟ್‌ರೇಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ನಾಲ್ಕು ಗಂಟೆಯ ಆರತಕ್ಷತೆಗೆ ಒಂದು ಕ್ಯಾಮೆರಾಗೆ 180 ಜಿಬಿ, 128 ಜಿಬಿ ಕಾರ್ಡ್ ಊಟದ ಹೊತ್ತಿಗೇ ತುಂಬುತ್ತದೆ. ಕಾರ್ಡ್ ಮೇಲಿನ ವಿ30 ಎಂದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಭರವಸೆ, ಈ ಕೆಲಸಕ್ಕೆ ಧಾರಾಳ. ಫುಲ್ ಎಚ್‌ಡಿ ಲೈವ್‌ಗೆ ಸುಮಾರು 6 ಮೆಗಾಬಿಟ್ ಅಪ್‌ಲೋಡ್ ಬೇಕು. ಜಾಗದಲ್ಲೇ ನಿಂತು ಅಳೆದಾಗ ಅದರ ಎರಡರಷ್ಟು ಬರುತ್ತಿರಬೇಕು. ಅಳೆಯುವಾಗ ಡೌನ್‌ಲೋಡ್ ಸಂಖ್ಯೆ ನೋಡಿ ಸಮಾಧಾನಪಡಬೇಡಿ. 10 ಬಿಟ್, 4:2:2 ಎಂಬುವು ಬಣ್ಣದ ಸೂಕ್ಷ್ಮತೆಯ ಅಳತೆಗಳು. ಬಣ್ಣ ತಿದ್ದುವ ಕೆಲಸ ಇದ್ದರೆ ಕೇಳಿ, ವಾರ್ಷಿಕೋತ್ಸವಕ್ಕೆ 8 ಬಿಟ್ ಸಾಲುತ್ತದೆ.

ಕರೆಂಟು

ಜನರೇಟರ್‌ನ ಶಕ್ತಿಯನ್ನು ಕೆವಿಎಯಲ್ಲಿ ಹೇಳುತ್ತಾರೆ. 25 ಕೆವಿಎ ಎಂದರೆ 0.8ರ ಪವರ್ ಫ್ಯಾಕ್ಟರ್‌ನಲ್ಲಿ 20 ಕಿಲೋವ್ಯಾಟ್. ಮೂರು ಫೇಸ್ ಬಂದರೆ ಸೌಂಡ್ ಮತ್ತು ವಿಡಿಯೊ ಒಂದೇ ಫೇಸ್‌ನಲ್ಲಿ, ಲೈಟಿಂಗ್ ಬೇರೆ ಫೇಸ್‌ನಲ್ಲಿ ಇರಲಿ. ಯಾವುದನ್ನೂ ಚುಚ್ಚುವ ಮೊದಲು ಮಲ್ಟಿಮೀಟರ್ ಇಟ್ಟು 230 ವೋಲ್ಟ್ ಆಸುಪಾಸು ಇದೆಯೇ ನೋಡಲು ಹೇಳಿ. ನ್ಯೂಟ್ರಲ್ ಸಡಿಲವಾಗಿದ್ದರೆ 300 ದಾಟಿ ಒಂದೇ ಕ್ಷಣದಲ್ಲಿ ಪ್ರೊಸೆಸರ್, ಮಿಕ್ಸರ್ ಎರಡೂ ಸುಡಬಹುದು. ಗುಂಯ್ ಸದ್ದು ಹೋಗುತ್ತದೆಂದು ಯಾರಾದರೂ ಅರ್ಥಿಂಗ್ ಪಿನ್ ಮುರಿಯಲು ಹೊರಟರೆ ತಡೆಯಿರಿ. ಮೈಕ್ ಹಿಡಿದವರ ಜೀವ ಇರುವುದು ಆ ಅರ್ಥಿಂಗ್‌ನಲ್ಲಿ.

ಜನ ಬರುವ ಮೊದಲು ಕೊನೆಯ ಪರೀಕ್ಷೆ

ಎಲ್ಲ ಜೋಡಿಸಿ ಆದ ಮೇಲೆ ಹಾಳೆಯ ಪ್ರತಿ ಗೆರೆಯನ್ನೂ ಎಡದಿಂದ ಬಲಕ್ಕೆ ನೋಡುತ್ತಾ ಬನ್ನಿ. ಪ್ರತಿ ಕ್ಯಾಮೆರಾ ಗೋಡೆಯ ಮೇಲೆ ಬಂತೇ, ಪ್ರತಿ ಮೈಕ್ ರೆಕಾರ್ಡಿಂಗ್‌ನಲ್ಲಿದೆಯೇ? ಒಂದು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನ್ ಹಾಕಿ ಕೇಳಿ; ಮೀಟರ್ ಕುಣಿದದ್ದು ಸಾಕ್ಷಿಯಲ್ಲ. ಕಾರ್ಡ್‌ಲೆಸ್ ಮೈಕ್‌ಗಳೆಲ್ಲವನ್ನೂ ಒಟ್ಟಿಗೆ ಆನ್ ಮಾಡಿ, ಪ್ರತಿಯೊಂದಕ್ಕೂ ಬೇರೆ ಫ್ರೀಕ್ವೆನ್ಸಿ ಇದೆಯೇ ನೋಡಿ, ಹೊಸ ಸೆಲ್ ಹಾಕಿಸಿ.

ಆಮೇಲೆ ಒಬ್ಬರನ್ನು ವೇದಿಕೆಗೆ ಕಳಿಸಿ ಚಪ್ಪಾಳೆ ತಟ್ಟಿಸಿ, ಗೋಡೆಯ ಮೇಲಿನ ಕೈಗಳನ್ನು ನೋಡಿ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಸ್ವಿಚರ್, ಪ್ರೊಸೆಸರ್ ಎರಡೂ ಸೇರಿ ಒಂದರಿಂದ ಮೂರು ಫ್ರೇಮ್ ತಡ ಮಾಡುತ್ತವೆ, ಹಾಗಾಗಿ ಮುಂದಿನ ಸಾಲಿನಲ್ಲಿ ದನಿ ಮೊದಲು, ಕೈ ಆಮೇಲೆ. ಇದಕ್ಕೆ ಲಿಪ್ ಸಿಂಕ್ ತಪ್ಪುವುದು ಎನ್ನುತ್ತಾರೆ. ಮಿಕ್ಸರ್‌ನ ಮುಖ್ಯ ಔಟ್‌ಪುಟ್‌ಗೆ ಡಿಲೇ ಕೊಟ್ಟರೆ ಹೊಂದುತ್ತದೆ, ಆದರೆ ಪೂರ್ತಿ ಕೊಡಬೇಡಿ. ಹಿಂದೆ ನಿಂತವರಿಗೆ ದನಿ ಗಾಳಿಯಲ್ಲೇ ಅಷ್ಟು ತಡವಾಗಿ ಬರುತ್ತದೆ, ಅವರಿಗೆ ಮೊದಲೇ ಸರಿಯಾಗಿರುತ್ತದೆ. ನಡುವಿನ ಸಾಲಿನ ಕುರ್ಚಿಯಲ್ಲಿ ಕೂತು, ಅಲ್ಲಿ ಚಪ್ಪಾಳೆಯೂ ಕೈಯೂ ಕೂಡುವವರೆಗೆ ಡಿಲೇ ಹೆಚ್ಚಿಸಿ. ಯೂಟ್ಯೂಬ್‌ಗೆ ಹೋಗುವ ದನಿಗೆ ಇದೇ ಸಂಖ್ಯೆ ಹಾಕಬಾರದು. ಅಲ್ಲಿ ಗೋಡೆಯ ಪ್ರೊಸೆಸರ್ ನಡುವೆ ಇಲ್ಲ, ತಡ ಕಡಿಮೆ. ಸ್ವಿಚರ್‌ನ ರೆಕಾರ್ಡಿಂಗ್ ನೋಡಿ ಬೇರೆಯಾಗಿ ಹೊಂದಿಸಿ.